ಹುಚ್ಚೀರಯ್ಯನ ಬಾಯಿ, ಹೊಂಬಾಳಮ್ಮನ ಎಲೆಅಡಿಕೆ

ಹೊಳಲಿನ ಹುಚ್ಚೀರಯ್ಯ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು. ಅವನು ಬಾಯಿ ತೆರೆದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಯಾರ ಗಾಡಿ ಕೆಸರಲ್ಲಿ ಹೂತುಕೊಂಡರೂ ಹೆಗಲು ಕೊಡುವವನು ಅವನೇ. ಯಾರ ಆಲೆಮನೆಯಲ್ಲಿ ಬೆಲ್ಲ ಕಾಯುತ್ತಿದ್ದರೂ ಕರೆಯದೆಯೇ ಹೋಗಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವನೂ ಅವನೇ. ಆದರೆ ಹೆಗಲು ಕೊಡುವ ಮೊದಲು, ಸಿಪ್ಪೆ ಹಾಕುವ ಮೊದಲು, ಉಸಿರಾಡಿದಷ್ಟೇ ಸಲೀಸಾಗಿ ಒಂದು ಮಾತು ಹೊರಬೀಳುತ್ತಿತ್ತು: ನಿನ್ ಮನೆ ಎಕ್ಕುಟ್ಟೋಗ.

ಹಾಳಾಗಿ ಹೋಗಲಿ ಅಂತಲೇ ಅದರ ಅರ್ಥ, ಅದರಲ್ಲೇನೂ ಮುಚ್ಚುಮರೆಯಿಲ್ಲ. ಮಂಡ್ಯದ ಸೀಮೆಯಲ್ಲಿ ಈ ಮಾತು ಆಡದವರು ಯಾರಿದ್ದಾರೆ ಹೇಳಿ? ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದು ಮಾಡುವಾಗ ಅನ್ನುತ್ತಾಳೆ, ಬಹಳ ದಿನದ ಮೇಲೆ ಸಿಕ್ಕ ಗೆಳೆಯನ ಬೆನ್ನಿಗೆ ಗುದ್ದಿ ಗೆಳೆಯ ಅನ್ನುತ್ತಾನೆ. ಅಂದವರ ಹೊಟ್ಟೆಯೂ ತಣ್ಣಗಾಗುತ್ತದೆ, ಅನ್ನಿಸಿಕೊಂಡವರದೂ ತಣ್ಣಗಾಗುತ್ತದೆ. ಆದರೆ ಉಳಿದವರು ಸಾರಿಗೆ ಉಪ್ಪು ಹಾಕಿದ ಹಾಗೆ ಅದನ್ನು ಬಳಸುತ್ತಿದ್ದರೆ, ಹುಚ್ಚೀರಯ್ಯ ಉಪ್ಪಿನದೇ ಸಾರು ಕಾಯಿಸುತ್ತಿದ್ದ. ಮಳೆ ಬಂದರೂ ಅದೇ ಮಾತು, ಬರದಿದ್ದರೂ ಅದೇ ಮಾತು. ಒಮ್ಮೆ ದೇವರ ಮುಂದೆ ಕೈಮುಗಿದು ನಿಂತು, ಮಂಗಳಾರತಿ ತಡವಾಯಿತೆಂದು ದೇವರಿಗೇ ಅಂದುಬಿಟ್ಟಿದ್ದ.

ಇರಲಿ, ಇದು ಅವನ ಕಥೆಯಲ್ಲ, ಅವನ ಹೆಂಡತಿ ಹೊಂಬಾಳಮ್ಮನದು. ಆಕೆ ಹುಟ್ಟಿದ್ದು ಮದ್ದೂರಿನ ಕಡೆಯ ಸೋಮನಹಳ್ಳಿಯಲ್ಲಿ. ಮದುವೆಯಾಗಿ ಹೊಳಲಿಗೆ ಬಂದಾಗ ಇನ್ನೂ ನಾಲೆಯ ನೀರು ಬಂದಿರಲಿಲ್ಲ. ರಾಗಿ ಬೀಸಿ ಬೀಸಿ ಅಂಗೈ ದಪ್ಪಗಟ್ಟಿತ್ತು. ಆಮೇಲೆ ನಾಲೆ ಬಂತು, ಕಬ್ಬು ಬಂತು, ಬೆಲ್ಲ ಬಂತು, ಕೊನೆಗೆ ಯುದ್ಧವೂ ಬಂದು ಸೀಮೆಎಣ್ಣೆಗೆ ಚೀಟಿ ಹಿಡಿದು ನಿಲ್ಲುವ ಕಾಲ ಬಂತು. ಇದೆಲ್ಲ ಬಂದರೂ ಗಂಡನ ಬಾಯಿಗೆ ಬೇರೆ ಮಾತು ಮಾತ್ರ ಬರಲಿಲ್ಲ. ಅವಳೂ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡವಳಲ್ಲ. ಹಚ್ಚಿಕೊಂಡದ್ದು ಮಗಳು ಶಿವನಂಜಮ್ಮ ಮದುವೆಗೆ ಬಂದ ಮೇಲೆ.

ಮನೆಯಲ್ಲಿ ನಂಜಿ ಅಂತ ಕರೆಯುತ್ತಿದ್ದ ಆ ಹುಡುಗಿಯನ್ನು ನೋಡಲು ಮೊದಲು ಬಂದವರು ಬಸರಾಳಿನವರು. ಗಾಡಿಯ ಅಚ್ಚು ಮುರಿದು ಅವರು ಬರುವುದು ತಡವಾಯಿತು. ಹುಚ್ಚೀರಯ್ಯ ಬೆಳಿಗ್ಗೆಯಿಂದ ಹೊಸ ಪಂಚೆ ಉಟ್ಟು ದಾರಿ ಕಾದಿದ್ದವನು, ಅವರನ್ನು ಕಂಡದ್ದೇ ಎರಡು ಕೈಯನ್ನೂ ಚಾಚಿ ಬಾಯಿ ತುಂಬ ನಗುತ್ತಾ ಕರೆದ: "ಬನ್ನಿ ಬನ್ನಿ, ನಿಮ್ ಮನೆ ಎಕ್ಕುಟ್ಟೋಗ, ಇಷ್ಟೊತ್ ಮಾಡೋದಾ?" ಹೊಸಿಲಿನ ಮೇಲೆ ಕಾಲೆತ್ತಿದ್ದ ಗಂಡಿನ ಅಜ್ಜಿ ಆ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟಳು. ಶುಭಕಾರ್ಯಕ್ಕೆ ಬಂದವರ ಮನೆ ಹಾಳಾಗಲಿ ಅಂದರೆ ಯಾರು ತಾನೇ ಒಳಗೆ ಬರುತ್ತಾರೆ?

ಎರಡನೆಯ ಸಲ ಬಂದವರ ಮುಂದೆ ಹೊಂಬಾಳಮ್ಮ ಗಂಡನನ್ನು ಕಣ್ಣಲ್ಲೇ ಹಿಡಿದು ಕೂರಿಸಿದ್ದಳು. ಪಾಪ, ಅವನೂ ತುಟಿ ಬಿಗಿದು ಕೂತಿದ್ದ. ಎಲ್ಲ ಒಪ್ಪಿಗೆಯಾಗಿ, ಹೊರಡುವಾಗ ಹುಡುಗ ಮಾವನಾಗುವವನ ಕಾಲಿಗೆ ಬಿದ್ದ. ಹುಚ್ಚೀರಯ್ಯ ಹುಡುಗನ ತಲೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಅದೇ ಮಾತಿನಿಂದ ಹರಸಿಬಿಟ್ಟ. ಆದ ಒಪ್ಪಿಗೆ ಅಲ್ಲೇ ಮುರಿಯಿತು.

ಅವತ್ತು ನಂಜಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕಿ ಅವ್ವನ ಮುಂದೆ ಬಂದು ನಿಂತಳು. "ಬಂದೋರು ನನ್ನ ಬ್ಯಾಡ ಅಂದ್ರೆ ತಡ್ಕತೀನಿ ಕಣವ್ವ. ಅಪ್ಪನ ಬಾಯ್ನ ಬ್ಯಾಡ ಅಂತಾರೆ. ಮಳವಳ್ಳಿಯೋರೂ ಹಿಂಗೇ ಎದ್ದೋದ್ರೆ, ಇನ್ ಯಾರ್ ಮುಂದ್ಕೂ ನಾನು ತಟ್ಟೆ ಇಡ್ಕಂಡು ಬರಾಕಿಲ್ಲ."

ಮಳವಳ್ಳಿಯವರು ಅಂದರೆ ಪುಟ್ಟಸ್ವಾಮಿಯ ಮನೆಯವರು. ಮದ್ದೂರಿನಲ್ಲಿ ನೆಂಟರ ಮದುವೆಯೊಂದರಲ್ಲಿ ಈ ಪುಟ್ಟಸ್ವಾಮಿ ನಂಜಿಯ ಎಲೆಗೆ ಕೇಳದೆಯೇ ಎರಡನೇ ಸಲ ಪಾಯಸ ಬಡಿಸಿ, ತಲೆಯೆತ್ತದೆ ಮುಂದಿನ ಎಲೆಗೆ ಹೋಗಿದ್ದ. ಅಷ್ಟು ಸಾಕಾಗಿತ್ತು ಆ ಹುಡುಗಿಗೆ. ಅವ್ವನಿಗೂ ಅದು ಗೊತ್ತಿತ್ತು. ಗೊತ್ತಿದ್ದ ಇನ್ನೊಂದು ಸಂಗತಿ ಏನೆಂದರೆ, ಹುಡುಗನ ತಾಯಿ ದೇವಿರಮ್ಮ ಶಕುನ ನೋಡುವವರ ಪೈಕಿ. ಹಲ್ಲಿ ಲೊಚಗುಟ್ಟಿದರೆ ಇಟ್ಟ ಹೆಜ್ಜೆ ಹಿಂದೆಗೆಯುವ ಹೆಂಗಸು. ಸಂಕ್ರಾಂತಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದು ಅವರಿಂದ ಸುದ್ದಿ ಬಂದಿತ್ತು.

ಹೊಂಬಾಳಮ್ಮ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದಳು. ತಾಯಿತ ಕಟ್ಟಿಸಿದಳು; ದಾರ ಸಡಿಲವಾಯಿತೆಂದು ಅವನು ತಾಯಿತಕ್ಕೇ ಆ ಮಾತು ಅಂದ. ಹರಕೆ ಹೊತ್ತಳು. ಬೈದಳು. ಬೈಯುವುದರಲ್ಲಿ ಆಕೆಯೂ ಕಡಿಮೆಯವಳಲ್ಲ, ನಡುಮನೆಯಲ್ಲಿ ನಿಂತು ಶುರುಮಾಡಿದರೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಆದರೆ ಒಂದು ದಿನ ಹಾಗೆ ಬೈಯುತ್ತಾ ಇರುವಾಗಲೇ ಅವಳ ಕಣ್ಣಿಗೆ ಬಿದ್ದದ್ದೇನು? ಅಕ್ಕಪಕ್ಕದವರೆಲ್ಲ ಜಗಲಿಗೆ ಬಂದು ಕೂತಿದ್ದಾರೆ, ನಗುತ್ತಿದ್ದಾರೆ. ಹುಚ್ಚೀರಯ್ಯ ನಡುವೆ ಮದುವಣಿಗನ ಥರ ಕೂತು ಮೀಸೆ ತೀಡುತ್ತಿದ್ದಾನೆ. ಅವನಿಗೆ ಇದು ಹಬ್ಬ. ಆಗ ಅವಳಿಗೆ ಅವಳಪ್ಪನ ನೆನಪಾಯಿತು.

ಅವಳಪ್ಪ ತಿಮ್ಮಯ್ಯ ಸೋಮನಹಳ್ಳಿಯಲ್ಲಿ ಹೋರಿ ಪಳಗಿಸುವ ಕೆಲಸದವನು. ಸುತ್ತಿನವರು ಎಳೆಹೋರಿಗಳನ್ನು ತಂದು ಅವನ ಹಟ್ಟಿಯಲ್ಲಿ ಬಿಟ್ಟು, ಗಾಡಿಗೆ ಹೂಡುವ ಹಾಗಾದ ಮೇಲೆ ಹೊಡೆದುಕೊಂಡು ಹೋಗುತ್ತಿದ್ದರು. ಅವನ ಹಟ್ಟಿಯಲ್ಲಿ ಬಾರುಕೋಲೇ ಇರಲಿಲ್ಲ. ನೊಗ ಕಂಡರೆ ಮಲಗಿಬಿಡುವ ಮೊಂಡು ಹೋರಿಯನ್ನು ಅವನು ಹೊಡೆಯುತ್ತಲೂ ಇರಲಿಲ್ಲ, ಮುದ್ದು ಮಾಡಿ ಏಳಿಸುತ್ತಲೂ ಇರಲಿಲ್ಲ. ಎರಡೂ ಒಂದೇ ಕಣವ್ವ, ಹೊಡೆದರೂ ಅದಕ್ಕೆ ಗೊತ್ತಾಗೋದು ಮಲಗಿದರೆ ಜನ ಬರ್ತಾರೆ ಅಂತ, ಎನ್ನುತ್ತಿದ್ದ. ಸುಮ್ಮನೆ ಪಕ್ಕದಲ್ಲಿ ಕೂತು ಬೇರೆ ಕಡೆ ನೋಡುತ್ತಾ ಹೊಗೆಸೊಪ್ಪು ಅಗಿಯುತ್ತಿದ್ದ. ಬೇಸರ ಬಂದು ಹೋರಿ ತಾನಾಗಿ ಎದ್ದಾಗ, ಮಂಡಿ ನೆಲ ಬಿಟ್ಟ ಗಳಿಗೆಗೆ ಸರಿಯಾಗಿ ನೆನೆಸಿದ ಹುರುಳಿ ಅದರ ಬಾಯಿಗೆ ಬೀಳುತ್ತಿತ್ತು. ಒಂದು ಉಸಿರು ತಡವಾದರೂ ಅದಕ್ಕೆ ಹುರುಳಿ ಯಾಕೆ ಬಂತು ಅಂತ ತಿಳಿಯುವುದಿಲ್ಲ. ಮೈಸೂರು ರಸ್ತೆಯ ಮೋಟಾರಿಗೆ ಹೆದರುವ ಹೋರಿಯಾದರೆ, ರಸ್ತೆಯ ಸದ್ದು ಅಷ್ಟಷ್ಟೇ ಕೇಳುವಷ್ಟು ದೂರದಲ್ಲಿ ಕಟ್ಟಿ ಹಿಂಡಿ ತಿನ್ನಿಸುತ್ತಿದ್ದ. ಅಲ್ಲಿ ನೆಮ್ಮದಿಯಾಗಿ ತಿಂದರೆ ನಾಳೆ ಇನ್ನೊಂದು ಮರ ಮುಂದಕ್ಕೆ. ಕೊನೆಗೆ ಅದೇ ಹೋರಿ ರಸ್ತೆಯ ಅಂಚಿನಲ್ಲಿ ನಿಂತು, ಮೋಟಾರು ಯಾಕೆ ಇನ್ನೂ ಬರಲಿಲ್ಲ ಅಂತ ಕತ್ತು ಚಾಚಿ ನೋಡುತ್ತಿತ್ತು.

ಅಯ್ಯೋ ನನ್ನ ಬುದ್ಧಿಗೆ ಮಂಕು ಬಡಿಯ, ಇಷ್ಟು ವರ್ಷ ಇವನ ಬಾಯಿಗೆ ಹುರುಳಿ ಹಾಕಿದವಳು ನಾನೇ ಅಲ್ಲವಾ, ಎಂದುಕೊಂಡಳು ಹೊಂಬಾಳಮ್ಮ. ಬೈಯುವುದನ್ನು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದಳು.

ಮಾರನೆಯ ದಿನದಿಂದ ಆಕೆಗೆ ಕಿವಿ ಕೇಳಿಸದಾಯಿತು. ಪೂರ್ತಿ ಅಲ್ಲ, ಆ ಒಂದು ಮಾತು ಬಂದರೆ ಮಾತ್ರ ಕಿವುಡು. ಹುಚ್ಚೀರಯ್ಯ "ನಿನ್ ಮನೆ ಎಕ್ಕುಟ್ಟೋಗ, ನೀರ್ ಕೊಡಮ್ಮಿ" ಅಂದರೆ ಆಕೆ ಮೊರದಲ್ಲಿ ಅಕ್ಕಿ ಕೇರುತ್ತಲೇ ಇರುತ್ತಿದ್ದಳು. ನೀರು ಅಂತ ಬರೀ ಕೇಳಿದರೆ ಚೊಂಬು ಓಡಿ ಬರುತ್ತಿತ್ತು. ನಂಜಿಗೂ ಹಾಗೇ ಇರಲು ಹೇಳಿಕೊಟ್ಟಳು. ಇದರಿಂದ ಅವನು ಸರಿಹೋದನೇ? ಎಲ್ಲಿಯ ಮಾತು. ಇನ್ನಷ್ಟು ಜೋರಾದ. ಹೆಂಡತಿಗೆ ಕೇಳಿಸುತ್ತಿಲ್ಲವೆಂದು ಅಂಗಳದಲ್ಲಿ ನಿಂತು ಕೋಳಿಯ ಮನೆ, ಹೆಂಚಿನ ಮನೆ, ಪಕ್ಕದವರ ಹಸುವಿನ ಮನೆ, ಕೊನೆಗೆ ಸೀಮೆಎಣ್ಣೆ ಸಿಗದ ಹಾಗೆ ಮಾಡಿದ ಜರ್ಮನಿಯವನ ಮನೆ, ಎಲ್ಲವನ್ನೂ ಎಕ್ಕುಟ್ಟಿಸಿದ. ನಂಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿಹೋಗಿ ನಕ್ಕು ಬರುತ್ತಿದ್ದಳು. ಹೊಂಬಾಳಮ್ಮ ಹೆದರಲಿಲ್ಲ. ಮೊಂಡು ಹೋರಿ ಏಳುವ ಮುಂಚೆ ಒಂದು ಸಲ ಜೋರಾಗಿ ಒದೆಯುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಆಮೇಲೆ ಕೂಗಿ ಕೂಗಿ ಅವನಿಗೇ ಸಾಕಾಯಿತು.

ಈಗ ಹುರುಳಿ ಬೇಕು. ಹುಚ್ಚೀರಯ್ಯನ ಪ್ರಾಣ ಎಲೆಅಡಿಕೆಯಲ್ಲಿತ್ತು. ಅದೂ ಹೆಂಡತಿ ಸುಣ್ಣ ಸವರಿ, ಹೊಗೆಸೊಪ್ಪು ಚಿವುಟಿ ಹಾಕಿ ಮಡಿಚಿಕೊಟ್ಟ ಎಲೆಯೇ ಆಗಬೇಕು; ತಾನೇ ಮಡಿಚಿಕೊಂಡರೆ ಬಾಯಿ ಸುಟ್ಟುಕೊಳ್ಳುತ್ತಿದ್ದ. ಹೊಂಬಾಳಮ್ಮ ಎಲೆಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಬೈಗುಳವಿಲ್ಲದ ಒಂದು ಮಾತು ಆಡಿದರೆ ಸಾಕು, ಮಾತು ಮುಗಿಯುವುದರೊಳಗೆ ಎಲೆ ಅವನ ಕೈಯಲ್ಲಿ. ಅವನಿಗೆ ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ, ಹೆಂಡತಿಗೆ ಈ ನಡುವೆ ತನ್ನ ಮೇಲೆ ಅಕ್ಕರೆ ಹೆಚ್ಚಾಗಿದೆ ಅಂದುಕೊಂಡು ಒಳಗೊಳಗೇ ಬೀಗಿದ.

ಇಲ್ಲೇ ಹೊಂಬಾಳಮ್ಮ ಒಂದು ಕಡೆ ಎಡವಿದಳು. ಬಾಯಿ ತಪ್ಪಿ ಬೈದಾಗ ಅವನು ನಾಲಿಗೆ ಕಚ್ಚಿಕೊಂಡು "ತಪ್ಪಾಯ್ತು" ಅಂದ. ಅವಳಿಗೆ ಸಂತೋಷವಾಗಿ ಒಂದು ಎಲೆ ಕೊಟ್ಟಳು. ಮತ್ತೆ ಹಾಗೇ ಆಯಿತು, ಮತ್ತೆ ಕೊಟ್ಟಳು. ಕೆಲವು ದಿನಗಳಲ್ಲಿ ನೋಡುತ್ತಾಳೆ, ಬೈಗುಳ ಕಡಿಮೆಯಾಗುವ ಬದಲು ದುಪ್ಪಟ್ಟಾಗಿದೆ. ಹುಚ್ಚೀರಯ್ಯ ಸುಮ್ಮನೆ ಕೂತಲ್ಲೇ ಕೂತು ಗೋಡೆಗೆ "ನಿನ್ ಮನೆ ಎಕ್ಕುಟ್ಟೋಗ" ಅನ್ನುವುದು, ಕೂಡಲೇ "ಅಯ್ಯೋ ತಪ್ಪಾಯ್ತು ತಪ್ಪಾಯ್ತು" ಅನ್ನುವುದು, ಆಮೇಲೆ ಕೈ ಚಾಚುವುದು. ತಪ್ಪು ಮಾಡದೆ ತಪ್ಪಾಯ್ತು ಅನ್ನಲಾದೀತೇ? ಅವನ ಲೆಕ್ಕಾಚಾರ ಸರಿಯಾಗೇ ಇತ್ತು. ಎಲೆ ಕೊಟ್ಟದ್ದು ಯಾವುದಕ್ಕೆ ಅನ್ನುವುದನ್ನು ಅವಳೇ ಸರಿಯಾಗಿ ನೋಡಿರಲಿಲ್ಲ. ಅವತ್ತು ಹೊಂಬಾಳಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ತನ್ನ ಗಂಡ ತನಗಿಂತ ಜಾಣ ಅಂತ ಮೊದಲ ಸಲ ಒಪ್ಪಿಕೊಂಡಳು. ಮಾರನೆಯ ದಿನದಿಂದ ತಪ್ಪಾಯ್ತು ಅಂದರೆ ಎಲೆ ಇಲ್ಲ.

ಎಲೆ ನಿಂತದ್ದೇ ತಡ, ಹುಚ್ಚೀರಯ್ಯ ಗಮನಿಸಲು ಶುರುಮಾಡಿದ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಹೆಂಡತಿಯ ಕೈ ಯಾವ ಮಾತಿಗೆ ಸಂಚಿಯ ಕಡೆ ಹೋಗುತ್ತದೆ. ಎರಡು ಹೊತ್ತಿನಲ್ಲಿ ಗುಟ್ಟು ರಟ್ಟಾಯಿತು. ಉಣ್ಣುತ್ತಿದ್ದವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನೇರವಾಗಿ ಕೇಳಿದ.

"ಅಮ್ಮಿ, ನನ್ನೇನು ಓರಿ ಅನ್ಕಂಡಿದ್ದೀಯಾ?"

"ಓರಿ ಆಗಿದ್ರೆ ಇಷ್ಟೊತ್ಗೆ ಗಾಡಿ ಎಳೀತಿತ್ತು" ಅಂದಳು ಹೊಂಬಾಳಮ್ಮ.

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಂಜಿ ಅವತ್ತು ಅವ್ವನಿಗೆ ಹೇಳಿದ್ದು ತನಗೂ ಕೇಳಿಸಿತ್ತು ಎಂದ. ಆ ಮಾತು ಕೇಳಿದ ಮೇಲೆ ಉಂಡದ್ದು ಮೈಗೆ ಹತ್ತುತ್ತಿಲ್ಲ, ಮಗಳ ಮುಖ ನೋಡಲು ನಾಚಿಕೆಯಾಗುತ್ತದೆ, ಆದರೆ ಬಾಯಿ ತನ್ನ ಮಾತು ಕೇಳುವುದಿಲ್ಲ, ಏನು ಮಾಡಲಿ ಎಂದ. "ನಿನ್ ಮನೆ" ಅನ್ನುವುದು ತಾನಾಗಿ ಬಂದುಬಿಡುತ್ತದೆ, ಅಷ್ಟು ಬಂದ ಮೇಲೆ ಮುಂದಿನದು ಇಳಿಜಾರಿನಲ್ಲಿ ಬಿಟ್ಟ ಗಾಡಿ, ಹಿಡಿದರೂ ನಿಲ್ಲುವುದಿಲ್ಲ ಎಂದ. ಹೊಂಬಾಳಮ್ಮನಿಗೆ ಗಂಡನ ಮೇಲೆ ಇಷ್ಟು ಪ್ರೀತಿ ಬಂದು ಬಹಳ ಕಾಲವಾಗಿತ್ತು. ತುಪ್ಪದ ಕುಡಿಕೆ ತಂದು ಅವನ ಸಾರಿಗೆ ಬಗ್ಗಿಸಿದಳು.

ಗಾಡಿ ನಿಲ್ಲದಿದ್ದರೆ ಬೇಡ, ಬೇರೆ ದಾರಿಗೆ ತಿರುಗಿಸೋಣ ಅಂದಳು. "ನಿನ್ ಮನೆ" ಬಂದರೆ ಬರಲಿ; ಅದರ ಬಾಲಕ್ಕೆ "ತಣ್ಣಗಿರ್ಲಿ" ಅಂತ ಸೇರಿಸಿದರಾಯಿತು. ಬೈಗುಳ ಹೋಗಿ ಹರಕೆಯಾಗುತ್ತದೆ. ಹೇಳಲು ಸುಲಭ. ಮೊದಮೊದಲು "ನಿನ್ ಮನೆ" ಆದ ಮೇಲೆ ಬಾಯಿ ಮುಚ್ಚಿ ಒಂದು ಉಸಿರು ಬಿಟ್ಟರೆ ಸಾಕು, ಎಲೆ. ಅದು ಬಂದ ಮೇಲೆ "ತ" ಅಂದರೆ ಮಾತ್ರ ಎಲೆ. ಆಮೇಲೆ ಪೂರ್ತಿ ಮಾತಿಗೆ. ಕೋಳಿಯ ಮೇಲೆ ಶುರುಮಾಡಿ, ಕರುವಿಗೆ ಬಂದು, ಮಗಳಿಗೆ ಬಂದು, ನಾಲೆಯ ಏರಿಯ ಮೇಲೆ ಹೋಗುವ ಗುರುತಿಲ್ಲದವರಿಗೆ ಬಂದು, ಹೀಗೆ ಸುಲಭದ್ದರಿಂದ ಕಷ್ಟದ್ದಕ್ಕೆ ದಾರಿ ಮಾಡಿದಳು.

ಎತ್ತುಗಳ ಮೇಲೆ ಮಾತ್ರ ಇದು ನಡೆಯಲಿಲ್ಲ. ಅವನ ಜೋಡಿ ಎತ್ತಿಗೆ ಆ ಬೈಗುಳವೇ ಹೊರಡು ಅನ್ನುವ ಅಪ್ಪಣೆ. ಕಬ್ಬು ತುಂಬಿದ ಗಾಡಿಯ ಮೇಲೆ ಕೂತು "ನಿಮ್ ಮನೆ ತಣ್ಣಗಿರ್ಲಿ" ಅಂದ ಹುಚ್ಚೀರಯ್ಯನನ್ನು ಅವು ತಿರುಗಿ ನೋಡಿ ಮೆಲುಕು ಹಾಕಲು ಶುರುಮಾಡಿದವು. ಕೊನೆಗೆ ಎತ್ತುಗಳಿಗೆ ಹಳೆಯ ಮಾತೇ ಇರಲಿ ಎಂದು ರಾಜಿಯಾಯಿತು.

ಅಂಕಯ್ಯನಿಗೆ ಮಾತ್ರ ರಾಜಿಯಾಗಲಿಲ್ಲ. ಅಂಕಯ್ಯ ಪಕ್ಕದ ಮನೆಯವನು, ಚಡ್ಡಿ ಇಲ್ಲದ ಕಾಲದಿಂದ ಹುಚ್ಚೀರಯ್ಯನ ಜೊತೆಗಾರ. ಒಂದು ಬೆಳಿಗ್ಗೆ ಎಂದಿನ ಹಾಗೆ ಜಗಲಿಗೆ ಬಂದವನಿಗೆ "ಬಾ ಅಂಕಯ್ಯ, ನಿನ್ ಮನೆ ತಣ್ಣಗಿರ್ಲಿ" ಎಂಬ ಸ್ವಾಗತ ಸಿಕ್ಕಿತು. ಅಂಕಯ್ಯ ಹೆಂಡತಿ ಸತ್ತ ಸುದ್ದಿ ಕೇಳಿದವನ ಹಾಗೆ ನಿಂತ. ಹಿತ್ತಲಿನಿಂದ ಸುತ್ತಿ ಬಂದು ಹೊಂಬಾಳಮ್ಮನನ್ನು ಕೇಳಿದ: "ಹೊಂಬಾಳವ್ವ, ನಾನೇನ್ ತಪ್ ಮಾಡಿವ್ನಿ? ಹುಚ್ಚೀರ ನನ್ನ ನೆಂಟರ ತರ ಮಾತಾಡುಸ್ತಾವ್ನೆ." ಆಕೆ ಎಷ್ಟು ಹೇಳಿದರೂ ಅವನ ಮನಸ್ಸು ತಿಳಿಯಾಗಲಿಲ್ಲ. ಬೈಸಿಕೊಳ್ಳದ ಜಗಲಿಯ ಮೇಲೆ ಕೂರಲು ತನಗೆ ಮೈ ಬಗ್ಗುವುದಿಲ್ಲ ಎಂದು ಹೇಳಿ ಹೋದವನು ಸಂಕ್ರಾಂತಿಯವರೆಗೆ ಈ ಕಡೆ ತಲೆ ಹಾಕಲಿಲ್ಲ. ಹುಚ್ಚೀರಯ್ಯನಿಗೆ ಇದರಿಂದ ನಿಜವಾಗಿ ನೋವಾಯಿತು. ಆದರೂ ಮಗಳಿಗಾಗಿ ತಡೆದುಕೊಂಡ.

ಕೊನೆಯ ಮೆಟ್ಟಿಲು ದೇವಿರಮ್ಮ. ಹೊಂಬಾಳಮ್ಮ ತಲೆಯ ಮೇಲೆ ಸೆರಗು ಹೊದ್ದು, ಮೂಗು ಸಿಂಡರಿಸಿ, ತಾನೇ ದೇವಿರಮ್ಮನಾಗಿ ಬಾಗಿಲಿನಿಂದ ಬಂದಳು. ತಡವಾಗಿ ಬಂದಳು, ಮಜ್ಜಿಗೆ ಹುಳಿ ಅಂದಳು, ಚಾಪೆ ಹರಿದಿದೆ ಅಂದಳು, ಹೋಗಿಬರುತ್ತೇನೆಂದು ಎದ್ದಳು. ಹುಚ್ಚೀರಯ್ಯ ಮೊದಲು ನಕ್ಕ, ಆಮೇಲೆ ಬೆವರಿದ, ಆಮೇಲೆ ಕಂಬ ಹಿಡಿದು ಉಸಿರು ಬಿಟ್ಟು "ನಿಮ್ ಮನೆ ತಣ್ಣಗಿರ್ಲಿ" ಅಂದ. ದಿನವೂ ಇದೇ ನಾಟಕ. ನಂಜಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಅವನು ಗೆದ್ದ ದಿನ ತಟ್ಟೆಯನ್ನು ಗೂಡಿನಿಂದ ತೆಗೆದು ಹುಣಸೆಹಣ್ಣು ಹಾಕಿ ಬೆಳಗಿದಳು.

ಹಬ್ಬ ಕಳೆದು ಮಳವಳ್ಳಿಯವರು ಬಂದರು. ಹೊರಟಾಗ ಬೆಕ್ಕು ಅಡ್ಡ ಬಂತೆಂದು ಹಿಂದಿರುಗಿ ಕಾಲು ತೊಳೆದು ಮತ್ತೆ ಹೊರಟಿದ್ದರಿಂದ ಹೊತ್ತು ಇಳಿದಿತ್ತು. ಹುಚ್ಚೀರಯ್ಯ ಬಾಗಿಲಲ್ಲಿ ನಿಂತಿದ್ದ. ಹೊಂಬಾಳಮ್ಮ ಅವನ ಬೆನ್ನ ಹಿಂದೆ ಸಂಚಿ ಹಿಡಿದು ನಿಂತಿದ್ದಳು. "ಬನ್ನಿ ಬನ್ನಿ" ಅಂದ ಅವನ ಬಾಯಿ "ನಿಮ್ ಮನೆ" ಅಂದು ನಿಂತಿತು. ದೇವಿರಮ್ಮ ಹುಬ್ಬೇರಿಸಿದಳು. ಅವನು ಕಂಬ ಹಿಡಿದ, ಉಸಿರು ಬಿಟ್ಟ. "ತಣ್ಣಗಿರ್ಲಿ" ಅಂದ. ದೇವಿರಮ್ಮನ ಮುಖ ಅರಳಿತು. ಹೊಸಿಲಿನಲ್ಲೇ ಹೀಗೆ ಹರಸುವ ಬೀಗರು ಎಲ್ಲಿ ಸಿಗುತ್ತಾರೆ ಎಂದು ಮಗನ ಕಡೆ ತಿರುಗಿ ಹೇಳಿ, ಬಲಗಾಲಿಟ್ಟು ಒಳಗೆ ಬಂದಳು.

ಮುಂದಿನದೆಲ್ಲ ಹೂವಿನ ಸರ ಎತ್ತಿದ ಹಾಗೆ ಆಯಿತು, ಒಂದನ್ನು ಬಿಟ್ಟು. ಹರಸಿದಾಗಲೆಲ್ಲ ಹುಚ್ಚೀರಯ್ಯನ ಬಲಗೈ ತಾನಾಗಿ ಹೆಂಡತಿಯ ಕಡೆ ಚಾಚಿಕೊಳ್ಳುತ್ತಿತ್ತು. ನೆಂಟರು ಬಂದ ದಿನ ಎಲೆ ಕೊಡದೆ ಬಿಟ್ಟರೆ ಬಾಯಿ ಎಲ್ಲಿಗೆ ತಿರುಗುತ್ತದೋ ಎಂಬ ಭಯಕ್ಕೆ ಅವಳೂ ಕೊಡುತ್ತಲೇ ಹೋದಳು. ಮಜ್ಜಿಗೆಗೆ ಒಂದು ಹರಕೆ, ಚಾಪೆಗೆ ಒಂದು ಹರಕೆ, ದೇವಿರಮ್ಮ ಸೀನಿದ್ದಕ್ಕೆ ಒಂದು ಹರಕೆ. ಅವನ ಎರಡೂ ಕೆನ್ನೆ ಉಬ್ಬಿದವು. ಇದೇನು ಇಷ್ಟು ಎಲೆಅಡಿಕೆ ಎಂದು ದೇವಿರಮ್ಮ ಕೇಳಿದ್ದಕ್ಕೆ, ಹಲ್ಲುನೋವಿಗೆ ಔಷಧಿ ಅಂತ ಹೊಂಬಾಳಮ್ಮ ಹೇಳಿದಳು.

ನಂಜಿ ತಟ್ಟೆ ಹಿಡಿದು ಬಂದಳು. ತಟ್ಟೆಯ ತುಂಬ ಕೊಬ್ಬರಿ ಮಿಠಾಯಿ. ಪುಟ್ಟಸ್ವಾಮಿ ಈ ಸಲ ತಲೆಯೆತ್ತಿ ನೋಡಿದ, ಮತ್ತೆ ಇಳಿಸುವುದನ್ನು ಮರೆತ. ಇನ್ನು ಒಪ್ಪಿಗೆ ಅನ್ನುವುದೊಂದೇ ಬಾಕಿ. ಅಷ್ಟರಲ್ಲಿ ದೇವಿರಮ್ಮನಿಗೆ ಹೆಣ್ಣು ನೋಡುವ ಹುರುಪು ಬಂತು. ಬಾಗಿಲವರೆಗೆ ನಡೆದು ತೋರಿಸು ಅಂದಳು. ನಂಜಿ ನಡೆದಳು. ತುರುಬು ಬಿಚ್ಚು, ಕೂದಲು ಸ್ವಂತದ್ದೋ ಚೌರಿಯೋ ನೋಡಬೇಕು ಅಂದಳು. ನಂಜಿಯ ಕಿವಿ ಕೆಂಪಾಯಿತು, ಬಿಚ್ಚಿದಳು. ಹುಚ್ಚೀರಯ್ಯನ ಕೈ ಕಂಬವನ್ನು ಹಿಡಿದದ್ದು ಬಿಡಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿತ್ತು, ಆದರೆ ಬಾಯಿ ಬಿಗಿದೇ ಇತ್ತು. ಆಗ ದೇವಿರಮ್ಮ ನಂಜಿಯ ಗಲ್ಲಕ್ಕೆ ಕೈ ಹಾಕಿ, ಬಾಯಿ ಬಿಡು, ಹಲ್ಲು ನೋಡೋಣ ಅಂದಳು.

ಹಲ್ಲು ಹಿಡಿದು ವಯಸ್ಸು ನೋಡುವುದು ಹೋರಿಗೆ. ಸೋಮನಹಳ್ಳಿಯ ಹಟ್ಟಿಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತುಂಬಿದ ನಡುಮನೆಯಲ್ಲಿ ಆ ಮಾತು ಸ್ಪಷ್ಟವಾಗಿ, ದೊಡ್ಡದಾಗಿ ಕೇಳಿಸಿತು. ಎಲ್ಲರೂ ಹುಚ್ಚೀರಯ್ಯನ ಕಡೆ ನೋಡಿದರು. ಅವನ ಬಾಯಿ ಎಲೆಅಡಿಕೆಯಿಂದ ತುಂಬಿತ್ತು. ಅಂದದ್ದು ಅವನಲ್ಲ.

"ನಿನ್ ಮನೆ ಎಕ್ಕುಟ್ಟೋಗ" ಅಂದಿದ್ದಳು ಹೊಂಬಾಳಮ್ಮ. "ಕೈ ತಗಿ. ಇದೇನು ದನಿನ ಸಂತೆ ಅನ್ಕಂಡ್ಯಾ? ನನ್ ಮಗಳು ಕಣಮ್ಮ ಇವ್ಳು."

ಹುಚ್ಚೀರಯ್ಯ ಹೆದರಿ, ಬಾಯಲ್ಲಿದ್ದ ಎಲೆಯನ್ನು ಒಂದೇ ಸಲಕ್ಕೆ ನುಂಗಿ, ಹೆಂಡತಿಯ ಮಾತಿನ ಬಾಲಕ್ಕೆ "ತಣ್ಣಗಿರ್ಲಿ, ತಣ್ಣಗಿರ್ಲಿ" ಎಂದು ಸೇರಿಸಿದ. ಆಗಲೇ ಹೊತ್ತು ಮೀರಿತ್ತು. ಗಂಡನನ್ನು ಹೋರಿಯ ಹಾಗೆ ಪಳಗಿಸಿದವಳು ಮಗಳ ಹಲ್ಲಿಗೆ ಹೀಗೆ ಉರಿದು ಬಿದ್ದದ್ದನ್ನು ಅವನು ಗಮನಿಸದೆ ಇರಲಿಲ್ಲ, ಆದರೆ ಅದನ್ನು ಹೇಳುವ ಸಮಯ ಅದಲ್ಲ.

ದೇವಿರಮ್ಮ ಎದ್ದು ನಿಂತಳು. ಇಷ್ಟು ದಿನ ಗಂಡನ ಬಾಯಿ ಕಾದ ಹೊಂಬಾಳಮ್ಮ ತನ್ನ ಬಾಯಿಗೆ ಕಾವಲು ಹಾಕಲು ಮರೆತಿದ್ದಳು. ಮಗಳ ಬಾಳಿಗೆ ಮಣ್ಣು ಹಾಕಿದವಳು ತಾನೇ ಅನ್ನಿಸಿತು. ಪುಟ್ಟಸ್ವಾಮಿ ಮೆಲ್ಲನೆ ಬಾಯಿ ಬಿಟ್ಟ. "ಅವ್ವ, ಕೂತ್ಕ. ನಂಗೆ ಒಪ್ಗೆ ಅದೆ." ಅವನು ತಾಯಿಯ ಎದುರು ಅಷ್ಟು ಮಾತಾಡಿದ್ದೇ ಹೆಚ್ಚು. ದೇವಿರಮ್ಮ ಕೂರಲಿಲ್ಲ. ಬೆಕ್ಕು ಅಡ್ಡ ಬಂದಾಗಲೇ ಅಂದುಕೊಂಡೆ ಎಂದಳು, ಇಂಥ ಮನೆಯ ನೀರೂ ಬೇಡ ಎಂದಳು, ಗಾಡಿ ಹೂಡು ಎಂದಳು.

ಹೊಂಬಾಳಮ್ಮ ಕಾಲು ಹಿಡಿದು ಬೇಡಿಕೊಳ್ಳಲು ಮುಂದೆ ಬಂದಳು. ನಂಜಿ ಅವಳನ್ನು ಕಣ್ಣಿನಲ್ಲೇ ತಡೆದಳು.

"ಕೂತ್ಕಳಿ ಅತ್ತೆ" ಅಂದಳು ನಂಜಿ. ಅಷ್ಟೇ. ಆಮೇಲೆ ಬಿಚ್ಚಿದ ಕೂದಲನ್ನು ನಿಧಾನವಾಗಿ ತುರುಬು ಕಟ್ಟಿಕೊಂಡು, ತಟ್ಟೆಯ ಮೇಲಿನ ಮಿಠಾಯಿಗಳನ್ನು ಸಾಲಾಗಿ ಜೋಡಿಸುತ್ತಾ ನಿಂತಳು. ದೇವಿರಮ್ಮ ಬೆಕ್ಕಿನ ಮಾತೆತ್ತಿದಳು, ನಂಜಿಗೆ ಕೇಳಿಸಲಿಲ್ಲ. ಮಳವಳ್ಳಿಯಲ್ಲಿ ಹೆಣ್ಣಿಗೇನು ಬರವೇ ಎಂದಳು. ನಂಜಿಗೆ ಅದೂ ಕೇಳಿಸಲಿಲ್ಲ. ದನಿ ಇನ್ನಷ್ಟು ಏರಿತು. ನಂಜಿ ಅಂಚಿನ ಮಿಠಾಯಿಯೊಂದನ್ನು ಸ್ವಲ್ಪ ಒಳಕ್ಕೆ ಸರಿಸಿದಳು. ಯಾರೂ ಬೇಡಿಕೊಳ್ಳದೆ, ಯಾರೂ ಎದುರಾಡದೆ ಇದ್ದಾಗ ಎಷ್ಟು ಹೊತ್ತು ಅಂತ ಒಬ್ಬರೇ ಕೂಗಿಕೊಳ್ಳುವುದು? ದೇವಿರಮ್ಮನ ದನಿ ಇಳಿಯಿತು. ಮಗನ ಕಡೆ ನೋಡಿದಳು, ಚಾಪೆಯ ಕಡೆ ನೋಡಿದಳು. ಗಾಡಿಯಲ್ಲಿ ಬಂದ ಮಂಡಿ, ನೋಯುತ್ತಿದ್ದಿರಬೇಕು. ಬಗ್ಗಿತು. ಆಕೆ ಚಾಪೆ ಮುಟ್ಟಿದ ಗಳಿಗೆಗೆ ಸರಿಯಾಗಿ ನಂಜಿಯ ಕೈಯಿಂದ ಒಂದು ಮಿಠಾಯಿ ಆಕೆಯ ಅಂಗೈಗೆ ಬಿತ್ತು.

ದೇವಿರಮ್ಮ ಯೋಚಿಸದೆ ಬಾಯಿಗೆ ಹಾಕಿಕೊಂಡಳು. ಅಗಿದಳು. ಏಲಕ್ಕಿ ಹಾಕಿದ್ದೀಯಾ ಅಂದಳು, ದನಿಯಲ್ಲಿ ಮೊದಲಿನ ಬಿಗಿಯಿರಲಿಲ್ಲ. ಆ ಮಾತು ಮುಗಿಯುವುದರೊಳಗೆ ಎರಡನೆಯದು ಬಂತು. ಒಪ್ಪಿಗೆಯ ತಾಂಬೂಲ ತನ್ನಿ ಎಂದು ಆಕೆ ಹೇಳುವಾಗ ಮೂರನೆಯದು ಅಂಗೈಯಲ್ಲಿತ್ತು.

ಹೊಂಬಾಳಮ್ಮ ಕಂಬಕ್ಕೆ ಒರಗಿ ಮಗಳ ಕೈಯನ್ನೇ ನೋಡುತ್ತಿದ್ದಳು. ಕಿವುಡಾಗಿರಲು ಹೇಳಿಕೊಟ್ಟಿದ್ದಳು, ಕೊಡುವ ಗಳಿಗೆಯನ್ನು ಮಾತ್ರ ಯಾವತ್ತೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಬೇಗವೂ ಇಲ್ಲ, ತಡವೂ ಇಲ್ಲ, ಸಾಕ್ಷಾತ್ ತನ್ನಪ್ಪ ತಿಮ್ಮಯ್ಯನ ಕೈ. ಅತ್ತೆ ಮನೆಯಲ್ಲಿ ಮಗಳು ಹೇಗೆ ಬಾಳುತ್ತಾಳೋ ಅಂತ ಇಷ್ಟು ದಿನ ಹೊತ್ತಿದ್ದ ಭಯವೆಲ್ಲ ಅವಳ ಮೈಯಿಂದ ಇಳಿದುಹೋಯಿತು. ಮಿಠಾಯಿ ಅಗಿಯುತ್ತಾ ಕೂತ ದೇವಿರಮ್ಮನನ್ನು ನೋಡಿ, ಆ ಹೆಂಗಸಿನ ಮೇಲೆ ಅವಳಿಗೆ ಮೊದಲ ಸಲ ಒಂದಿಷ್ಟು ಕನಿಕರ ಹುಟ್ಟಿತು.